ಒತ್ತು, ಹಿಡ್ಕ, ಬುಡು

ಸುಮನಹಳ್ಳಿ ಮೇಲ್ಸೇತುವೆ ಹತ್ತುವಾಗಲೇ ಸುಟ್ಟ ವಾಸನೆ ಬರುತ್ತಿತ್ತು. "ಯಾವನೋ ಲೈನರ್ ಸುಟ್ಕೊಂಡು ಹೋಗ್ತಾವ್ನೆ" ಅಂದ ಅಪ್ಪ. ನಮ್ಮ ಮುಂದೊಂದು ಬಿಎಂಟಿಸಿ ಬಸ್ಸು, ಪಕ್ಕದಲ್ಲೊಂದು ಇಟ್ಟಿಗೆ ಲಾರಿ. ಎರಡರಲ್ಲಿ ಯಾವುದೋ ಒಂದರದ್ದಿರಬೇಕು ಅಂತ ನಾನೂ ಅಂದುಕೊಂಡೆ. ಸೇತುವೆಯ ಇಳಿಜಾರು ಶುರುವಾಯಿತು. ಬಸ್ಸಿನ ಹಿಂದಿನ ಕೆಂಪು ದೀಪ ಹೊತ್ತಿತು. ಅಪ್ಪ ಬ್ರೇಕ್ ಒತ್ತಿದ. ಪೆಡಲ್ಲು ಯಾವ ತಡೆಯೂ ಇಲ್ಲದೆ ಸೀದಾ ನೆಲ ಮುಟ್ಟಿತು.

ಎರಡು ಸಲ ತುಳಿದ, ಮೂರು ಸಲ ತುಳಿದ. ಏನೂ ಸಿಗಲಿಲ್ಲ. ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಗೇರ್ ಇಳಿಸಿ, ಇಂಜಿನ್ನು ಹುಯಿಲಿಡುತ್ತಿದ್ದ ಹಾಗೇ ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಟೈರುಗಳನ್ನು ಅಂಚಿನ ಕಟ್ಟೆಗೆ ಉಜ್ಜಿಸಿಕೊಂಡು ಗಾಡಿ ನಿಲ್ಲಿಸಿದ. ಬಸ್ಸಿನ ಹಿಂದಿನ ಗಾಜಿನಲ್ಲಿ ನಮ್ಮ ಗಾಡಿಯ ಹಣೆ ಕಾಣುತ್ತಿತ್ತು. ಆ ಗಾಜಿಗೆ ತಲೆಯಾನಿಸಿ ಒಂದು ಸ್ಕೂಲ್ ಹುಡುಗ ನಿದ್ದೆ ಮಾಡುತ್ತಿದ್ದ. ಅವನಿಗೆ ಏನೂ ಗೊತ್ತಾಗಲಿಲ್ಲ. ಬಸ್ಸು ಮುಂದೆ ಹೋಯಿತು.

ಅಪ್ಪ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ್ದು ಒಂದೇ ಮಾತು: "ನಿಮ್ಮಮ್ಮಂಗೆ ಹೇಳ್ಬೇಡ."

ನಮ್ಮದು 1998ರ ಟಾಟಾ 407. 1986ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಗಾಡಿಯನ್ನು ನೋಡದ ಬೀದಿ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಮದುವೆ ಸಾಮಾನು, ಮನೆ ಖಾಲಿ ಮಾಡುವ ಸಾಮಾನು, ಗಣೇಶನ ಮೆರವಣಿಗೆ, ಎಲ್ಲಕ್ಕೂ ಅದೇ. ನಮ್ಮ ಗಾಡಿ ನನಗಿಂತ ಒಂದು ವರ್ಷಕ್ಕೆ ಚಿಕ್ಕದು. ಅಮ್ಮ ಸಿಟ್ಟು ಬಂದಾಗ ಅದನ್ನು "ನಿನ್ನ ಕಿರೀ ಮಗಳು" ಅಂತ ಅಪ್ಪನಿಗೆ ಹೇಳುತ್ತಾಳೆ. ಕಾಮಾಕ್ಷಿಪಾಳ್ಯದ ಶೆಡ್ಡುಗಳಿಂದ ಪೀಣ್ಯಕ್ಕೆ, ಪೀಣ್ಯದಿಂದ ಕೆಂಗೇರಿಗೆ ಬಾಡಿಗೆ ಹೊಡೆದು ಅದು ನನ್ನ ಬಿ.ಎ., ಎಂ.ಎ.ಗಳನ್ನು ಓದಿಸಿದೆ. ಈಗ ಪಿಎಚ್.ಡಿ.ಯ ನಾಲ್ಕನೇ ವರ್ಷವನ್ನೂ ಅದೇ ಎಳೆಯುತ್ತಿದೆ.

ಆವತ್ತು ನಾನು ಯಶವಂತಪುರದಲ್ಲಿ ಗೆಳತಿಯನ್ನು ರೈಲು ಹತ್ತಿಸಿ ಗೊರಗುಂಟೆಪಾಳ್ಯದಲ್ಲಿ ಅಪ್ಪನ ಗಾಡಿ ಹತ್ತಿದ್ದೆ. ಮುಕ್ಕಾಲು ಗಂಟೆ ಸೇತುವೆ ಪಕ್ಕದಲ್ಲೇ ನಿಂತೆವು. ಪೆಡಲ್ಲು ನಿಧಾನವಾಗಿ ಅರ್ಧಕ್ಕೆ ಬಂತು. ಎರಡನೇ ಗೇರಿನಲ್ಲಿ ತೆವಳುತ್ತ ಮೂಡಲಪಾಳ್ಯದ ಮನೆ ಸೇರಿದೆವು. ಪಕ್ಕದ ಖಾಲಿ ಸೈಟಿನಲ್ಲಿ ಗಾಡಿ ನಿಲ್ಲಿಸಿ ಅಪ್ಪ ಚಕ್ರದ ಹತ್ತಿರ ಅಂಗೈ ಹಿಡಿದ. ಮುಟ್ಟುವ ಮೊದಲೇ ಕೈ ಹಿಂದಕ್ಕೆ ಬಂತು. ಸುಟ್ಟ ವಾಸನೆ ನಮ್ಮದೇ ಆಗಿತ್ತು.

ಮಾರನೆಯ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವ ಹೊತ್ತಿಗೆ ಅಪ್ಪ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದಿದ್ದ. ಮುಚ್ಚಳದ ಒಳಗಿನ ರಬ್ಬರು ರಾತ್ರಿಯಿಡೀ ನೆನೆಸಿದ ಕಡಲೆಯ ಹಾಗೆ ಊದಿತ್ತು. ಸಿರಿಂಜಿನಲ್ಲಿ ಸ್ವಲ್ಪ ಎಣ್ಣೆ ಎಳೆದು, "ಒಂದು ಚೊಂಬಲ್ಲಿ ನೀರು ತಗಂಡು ಬಾ" ಅಂದ. ತಂದುಕೊಟ್ಟೆ. ಸಿರಿಂಜನ್ನು ನೀರಿಗೆ ಒತ್ತಿದ. ಎಣ್ಣೆಯಲ್ಲಿ ಅರ್ಧದಷ್ಟು ನೀರಿನೊಳಗೆ ಕರಗಿಹೋಯಿತು. ಇನ್ನರ್ಧ ಮೇಲೆ ತೇಲಿ, ಬಣ್ಣಬಣ್ಣದ ಪೊರೆಯಾಗಿ ಚೊಂಬಿನ ಅಂಚಿಗೆ ಅಂಟಿಕೊಂಡಿತು.

"ಬ್ರೇಕ್ ಆಯಿಲ್ಲು ಹೆಸರಿಗೆ ಎಣ್ಣೆ. ಅದು ನೀರಲ್ಲಿ ಬೆರ್ತೋಗ್ಬೇಕು. ತೇಲ್ತಾ ಇರೋದು ಬೇರೆ" ಅಂದ ಅಪ್ಪ. ಮತ್ತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಇಬ್ಬರೂ ಚೊಂಬಿನೊಳಗೆ ನೋಡುತ್ತಾ ನಿಂತೆವು.

ಮೂರು ವಾರದ ಹಿಂದೆ ಅಪ್ಪನಿಗೆ ಜ್ವರ ಬಂದಿತ್ತು. ಮಲಗಿದಲ್ಲಿಂದಲೇ, "ಪುಟ್ಟಿ, ಬ್ರೇಕ್ ಆಯಿಲ್ ಕಮ್ಮಿ ಆಗೈತೆ. ಶೀಟ್ ಕೆಳಗೆ ಹಲಗೆ ಮೇಲೆ ಬಾಟ್ಲಿ ಐತೆ, ಹಾಕ್ಬುಡು" ಅಂದಿದ್ದ. ಮುಂಚೆಯೂ ಹಾಕಿದ್ದೆ, ಹೊಸ ಕೆಲಸವಲ್ಲ. ಬಾಟಲಿಯ ಮೇಲೆ ಬ್ರೇಕ್ ಆಯಿಲ್ ಎಂದೇ ಬರೆದಿತ್ತು. ಆದರೆ ಸುರಿಯುವಾಗ ಅದು ಸ್ವಲ್ಪ ದಪ್ಪಗೆ ಇಳಿಯುತ್ತಿತ್ತು, ವಾಸನೆಯೂ ಬೇರೆ ಇತ್ತು. ಕೈ ಒಂದು ಕ್ಷಣ ನಿಂತಿತು. ಆಗ ನಾನು ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡಿದ್ದೆ. ಆ ಕಡೆಯಿಂದ ನನ್ನ ಮಾರ್ಗದರ್ಶಕರು ಮೂರನೇ ಅಧ್ಯಾಯ ಯಾವಾಗ ಕೊಡುತ್ತೀರಿ ಅಂತ ಕೇಳುತ್ತಿದ್ದರು. ಬಾಟಲಿಯ ಮೇಲೆ ಬರೆದಿದೆಯಲ್ಲ ಅಂದುಕೊಂಡು ಉಳಿದದ್ದನ್ನೂ ಸುರಿದೆ.

ನಾನು ಓದುತ್ತಿರುವುದು ಗ್ರಂಥಸಂಪಾದನೆ. ಓಲೆಗರಿ ಕಟ್ಟುಗಳನ್ನು ಮೊದಲ ಸಲ ಕೈಗೆ ಕೊಟ್ಟ ದಿನ ನಮಗೆ ಹೇಳಿಕೊಟ್ಟ ಮೊದಲ ಪಾಠ, ಕಟ್ಟಿನ ಮೇಲಿನ ಚೀಟಿಯನ್ನು ನಂಬಬೇಡಿ, ಒಳಗಿನ ಗರಿ ಓದಿ ಅಂತ. ಚೀಟಿ ಅಂಟಿಸಿದವರು ಬೇರೆ ಕಾಲದವರು, ಕಟ್ಟು ಬಿಚ್ಚಿ ಮತ್ತೆ ಕಟ್ಟಿದವರು ಇನ್ಯಾರೋ. ಇದನ್ನೇ ನಾನು ಕಿರಿಯ ವಿದ್ಯಾರ್ಥಿಗಳಿಗೆ ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

"ಎಲ್ಲಾ ರಬ್ಬರೂ ಹೋಯ್ತು" ಅಂದ ಅಪ್ಪ ಕೊನೆಗೆ. "ಒಂದೂ ಬಿಡಂಗಿಲ್ಲ. ಎಲ್ಲಾ ಬದಲಾಯಿಸ್ಬೇಕು."

ಆಮೇಲೆ ಅಪ್ಪ ಬಿಡಿಸಿ ಹೇಳಿದ್ದು ಇಷ್ಟು. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನೊಳಗೆ ರಬ್ಬರಿನ ಕಪ್ಪುಗಳು ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತವೆ. ಎಣ್ಣೆ ಕೊಳವೆಗಳಲ್ಲಿ ಹೋಗಿ ಚಕ್ರದ ಹತ್ತಿರದ ಪುಟ್ಟ ಸಿಲಿಂಡರುಗಳನ್ನು ಒತ್ತುತ್ತದೆ. ಅವು ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ಅಗಲಿಸಿ, ತಿರುಗುವ ಡ್ರಮ್ಮಿನ ಒಳಮೈಗೆ ಒರೆಸುತ್ತವೆ. ಕಾಲು ತೆಗೆದರೆ ಸ್ಪ್ರಿಂಗು ಶೂಗಳನ್ನು ಒಳಕ್ಕೆಳೆಯುತ್ತದೆ, ಎಣ್ಣೆ ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ಅದು ಡಬ್ಬಿಗೆ ಮರಳಲು ಮಾಸ್ಟರಿನಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇದೆ. ಬೇರೆ ಜಾತಿಯ ಎಣ್ಣೆ ಬಿದ್ದರೆ ಈ ರಬ್ಬರು ಊದಿಕೊಂಡು ಆ ತೂತನ್ನೇ ಮುಚ್ಚುತ್ತದೆ. ಆಗ ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಶೂ ಡ್ರಮ್ಮಿಗೆ ಒರೆಸುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಬಿಸಿ ಎಣ್ಣೆಗೆ ಹತ್ತುತ್ತದೆ. ಡಾಟ್ 3 ಎನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರುವ ಜಾತಿಯದು. ನೀರು ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಆವಿ. ಆವಿಯನ್ನು ಎಷ್ಟು ಒತ್ತಿದರೂ ಕುಗ್ಗುತ್ತದೆ, ಚಕ್ರದವರೆಗೆ ಬಲ ಹೋಗುವುದಿಲ್ಲ. ಪೆಡಲ್ಲು ನೆಲ ಮುಟ್ಟಿದ್ದು ಹಾಗೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿತ್ತು, ಪೆಡಲ್ಲು ಅರ್ಧಕ್ಕೆ ಬಂದಿತ್ತು.

ಬ್ರೇಕ್ ಕೆಲಸವನ್ನು ಅಪ್ಪ ಯಾವತ್ತೂ ಗ್ಯಾರೇಜಿಗೆ ಕೊಟ್ಟವನಲ್ಲ. ಈ ಸಲ ದುಡ್ಡೂ ಇರಲಿಲ್ಲ. ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಜೆ.ಸಿ. ರಸ್ತೆಗೆ ನಡೆದೆ. ಅಪ್ಪ ಬರೆದುಕೊಟ್ಟ ಚೀಟಿಯಲ್ಲಿ ಮಾಸ್ಟರ್ ಕಿಟ್ಟು, ವೀಲ್ ಕಿಟ್ಟು, ರಬ್ಬರ್ ಹೋಸುಗಳು, ಬ್ರೇಕ್ ಆಯಿಲ್ ಎರಡು ಲೀಟರ್. ಅಂಗಡಿಯವರು ಕಿಟ್ಟುಗಳ ಸಂಖ್ಯೆ ನೋಡಿ, "ಏನಮ್ಮ, ಒಂದೇ ಸಲ ಎಲ್ಲಾ ಹೋಯ್ತಾ?" ಅಂದರು. ಹೌದು ಅಂದೆ. "ಬೇರೆ ಎಣ್ಣೆ ಬಿತ್ತಾ?" ಅಂತ ಕೇಳಿದರು. ಚಿಲ್ಲರೆ ಎಣಿಸುವವಳ ಹಾಗೆ ತಲೆ ತಗ್ಗಿಸಿದೆ.

ಶನಿವಾರ ಕೆಲಸ ಶುರುವಾಯಿತು. ಎದುರಿನ ಚಕ್ರಗಳಿಗೆ ಹಿಂದೆ ಮುಂದೆ ಸೈಜುಗಲ್ಲು ಕೊಟ್ಟು, ಜಾಕ್ ಎತ್ತಿ, ಅದರ ಪಕ್ಕದಲ್ಲೇ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಅದರ ಮೇಲೆ ಗಾಡಿಯ ಭಾರ ಕೂರಿಸಿದ. "ಜಾಕ್ ನಂಬ್ಕೊಂಡು ಕೆಳಗೆ ತಲೆ ಇಡಬಾರದು" ಅಂದ. ಚಕ್ರ ಬಿಚ್ಚಿದೆವು. ಡ್ರಮ್ಮು ಸುಲಭಕ್ಕೆ ಬರಲಿಲ್ಲ. ಒಳಗೆ ಶೂ ಕಚ್ಚಿಕೊಂಡಿತ್ತು. ಅಡ್ಜಸ್ಟರ್ ಸಡಿಲಿಸಿ, ಸುತ್ತ ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದ.

ಒಳಗೆ ಕಪ್ಪು ಪುಡಿ ಮೆತ್ತಿತ್ತು. ಅಪ್ಪ ಊದಲು ಬಾಯಿ ಹತ್ತಿರ ತಂದ. ಕೈ ಹಿಡಿದು ನಿಲ್ಲಿಸಿದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಸೇರಿಸುತ್ತಿದ್ದರು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳಾದ ಮೇಲೂ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿಗೆ ಹಾಕಿದೆ. "ಮೂವತ್ತು ವರ್ಷ ಊದಿದೀನಲ್ಲ" ಅಂದ ಅಪ್ಪ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಒಂದು ಕಡೆ ಬಿಚ್ಚುವಾಗ ಇನ್ನೊಂದು ಕಡೆಯನ್ನು ಮುಟ್ಟಬಾರದು ಅನ್ನುವುದು ಅಪ್ಪನ ನಿಯಮ. ಯಾವ ಸ್ಪ್ರಿಂಗು ಎಲ್ಲಿ ಅನ್ನುವುದು ಮರೆತರೆ ಆ ಕಡೆ ಹೋಗಿ ನೋಡಬಹುದು. ಪ್ರತಿ ನಮ್ಮ ಕಣ್ಣೆದುರೇ ಇರುತ್ತದೆ. ಚಕ್ರ ಮುಂದಕ್ಕೆ ತಿರುಗುವಾಗ ಒಂದು ಶೂ ತಿರುಗುವಿಕೆಯ ಜೊತೆಗೇ ಎಳೆದುಕೊಂಡು ಡ್ರಮ್ಮಿಗೆ ಇನ್ನಷ್ಟು ಗಟ್ಟಿಯಾಗಿ ಕಚ್ಚುತ್ತದೆ, ಇನ್ನೊಂದನ್ನು ತಿರುಗುವಿಕೆ ದೂಡುತ್ತದೆ. ಹಾಗಾಗಿ ನೋಡಲು ಒಂದೇ ಥರ ಇದ್ದರೂ ಅದಲುಬದಲು ಮಾಡುವಂತಿಲ್ಲ. ಸವೆದ ಎಂಟು ಶೂಗಳನ್ನು ಮಾಗಡಿ ರಸ್ತೆಗೆ ಒಯ್ದು ಹೊಸ ಲೈನರ್ ರಿವೆಟ್ ಹೊಡೆಸಿದೆವು. ನೀಲಿಗಟ್ಟಿದ ಡ್ರಮ್ಮುಗಳನ್ನು ಲೇತಿಗೆ ಹಾಕಿಸಿದೆವು.

ವೀಲ್ ಸಿಲಿಂಡರ್ ಬಿಚ್ಚಿದಾಗ ಒಳಗಿನ ಕಪ್ಪು ಕೈಗೆ ಬರಲಿಲ್ಲ. ಊದಿ, ಮೆತ್ತಗಾಗಿ, ಅಂಚು ಹೊರಳಿಕೊಂಡಿತ್ತು. ಅಪ್ಪ ಅದನ್ನೂ ಹೊಸ ಕಪ್ಪನ್ನೂ ಪಕ್ಕಪಕ್ಕ ಅಂಗೈ ಮೇಲಿಟ್ಟು ನೋಡಿದ. ನನಗೆ ತೋರಿಸಲಿಲ್ಲ. ನಾನು ನೋಡಿದೆ. ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದೆವು. ಹೊಸ ಕಪ್ಪುಗಳನ್ನು ಬ್ರೇಕ್ ಆಯಿಲ್ಲಿನಲ್ಲೇ ಅದ್ದಿ ಕೂರಿಸಿದೆವು. ಕೈಗೆ ಗ್ರೀಸು ತಾಗಿದ್ದರೆ ಸೋಪು ಹಾಕಿ ತೊಳೆದುಕೊಂಡೇ ರಬ್ಬರು ಮುಟ್ಟಬೇಕು ಅಂತ ಅಪ್ಪ ನಾಲ್ಕು ಸಲವಾದರೂ ಹೇಳಿದ. ಆ ಎಣ್ಣೆ ಬಿದ್ದದ್ದು ಹೇಗೆ ಅಂತ ಒಂದು ಸಲವೂ ಕೇಳಲಿಲ್ಲ. ಅದೇ ನನ್ನನ್ನು ತಿನ್ನುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ನಾನು ಓದಿದ್ದನ್ನು ಹೇಳಿದೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಅಂತ ಪ್ಯಾಸ್ಕಲ್ ಬರೆದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಅದು ಕಾರಿನ ನಾಲ್ಕೂ ಚಕ್ರಕ್ಕೆ ಬರಲು 1921ರ ಡ್ಯೂಸೆನ್‌ಬರ್ಗ್‌ವರೆಗೆ ಕಾಯಬೇಕಾಯಿತು. ಅದರ ಹಿಂದಿದ್ದವನು ಮಾಲ್ಕಮ್ ಲಾಕ್‌ಹೀಡ್, ವಿಮಾನದ ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬ. ಅವನ ಮೊದಲ ಬ್ರೇಕುಗಳಲ್ಲಿ ಕಪ್ಪುಗಳು ತೊಗಲಿನವು, ಸೋರುತ್ತಿದ್ದವು. ಕ್ರೈಸ್ಲರ್‌ನ ಇಂಜಿನಿಯರುಗಳು ರಬ್ಬರಿನ ಕಪ್ಪು ಹಾಕಿ 1924ರ ಕಾರಿನಲ್ಲಿ ಅದನ್ನು ಸರಿಮಾಡಿದರು.

ಅಪ್ಪ ಮುದ್ದೆ ಮುರಿಯುತ್ತ ಪೂರ್ತಿ ಕೇಳಿದ. "ಅಂಗಾದ್ರೆ ಆಗ್ಲೂ ತಕರಾರು ಕಪ್ಪುಂದೇ" ಅಂದ. ನಾಲ್ಕು ವರ್ಷದಲ್ಲಿ ನಾನು ಓದಿದ್ದರ ಬಗ್ಗೆ ಅಪ್ಪ ತನ್ನ ಅಭಿಪ್ರಾಯ ಹೇಳಿದ್ದು ಅದೇ ಮೊದಲು.

ಭಾನುವಾರ ಏರ್ ತೆಗೆಯುವ ಕೆಲಸ. ಇದು ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಪೆಡಲ್ ಮೇಲೆ, ಒಬ್ಬರು ಚಕ್ರದ ಹಿಂದೆ, ನೆಲದ ಮೇಲೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೇಳುತ್ತಾರೆ ಅಷ್ಟೇ. ಮಾಸ್ಟರಿನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದೆ ಎಡಗಡೆ, ಆಮೇಲೆ ಹಿಂದೆ ಬಲ, ಮುಂದೆ ಎಡ, ಕೊನೆಗೆ ಡ್ರೈವರ್ ಕಾಲಿನ ಹತ್ತಿರದ್ದು. ಇಂಜಿನ್ ಆಫ್. ಬೂಸ್ಟರಿನಲ್ಲಿ ಉಳಿದ ನಿರ್ವಾತ ಖಾಲಿಯಾಗುವವರೆಗೆ ಪೆಡಲನ್ನು ಸುಮ್ಮನೆ ಹತ್ತು ಸಲ ತುಳಿದೆ.

ಕೆಳಗಿನಿಂದ ಅಪ್ಪನ ದನಿ ಬಂತು. "ಒತ್ತು."

ಒತ್ತಿ, "ಒತ್ತಿದೆ" ಅಂದೆ.

"ಹಿಡ್ಕ."

ಅಪ್ಪ ನಿಪ್ಪಲ್ ಸಡಿಲಿಸುತ್ತಿದ್ದ ಹಾಗೆ ನನ್ನ ಕಾಲಿನ ಕೆಳಗೆ ಪೆಡಲ್ಲು ಕುಸಿಯುತ್ತ ಹೋಗುತ್ತದೆ. ಬೆನ್ನಲ್ಲಿ ನಡುಕ ಬರುತ್ತದೆ. ಸೇತುವೆಯ ಮೇಲೆ ಅಪ್ಪನ ಕಾಲಿಗೆ ಸಿಕ್ಕಿದ್ದೂ ಇದೇ. ಕೆಳಗೆ ಪ್ಲಾಸ್ಟಿಕ್ ಪೈಪಿನಲ್ಲಿ ಗುಳುಗುಳು ಅಂತ ಗುಳ್ಳೆ. ನಿಪ್ಪಲ್ ಬಿಗಿದ ಮೇಲೆ, "ಬುಡು."

ಅಪ್ಪ ಮಾಗಡಿ ಕಡೆಯ ಹಳ್ಳಿಯವನು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಅವನ ಬಾಯಲ್ಲಿ ಅದು ಬಿಡು ಆಗಿಲ್ಲ, ಬುಡು. ಒತ್ತು, ಹಿಡ್ಕ, ಬುಡು. ನಡುನಡುವೆ ನಾನು ಇಳಿದು ಹೋಗಿ ಡಬ್ಬಿಗೆ ಎಣ್ಣೆ ತುಂಬಬೇಕು. ಡಬ್ಬಿ ಖಾಲಿಯಾದರೆ ಮೇಲಿನಿಂದಲೇ ಗಾಳಿ ಹೊಕ್ಕು ಮಾಡಿದ್ದೆಲ್ಲ ನೀರಲ್ಲಿ ಹೋಮ. ಹೊಸ ಬಾಟಲಿಯ ಸೀಲು ಒಡೆದು, ಮೂಸಿ, ಬೆರಳಲ್ಲಿ ಉಜ್ಜಿ ನೋಡಿ ಸುರಿದೆ. ಎರಡು ಚಕ್ರ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಮೂರನೆಯದಕ್ಕೆ ಅಪ್ಪ ಮುಂದೆ ಬಂದ. ಈಗ ಅವನು ನನ್ನಿಂದ ನಾಲ್ಕೈದು ಅಡಿ ದೂರ, ತಗಡಿನ ಆಚೆ. ಅವನ ಉಸಿರೂ ಕೇಳುತ್ತಿತ್ತು.

"ಒತ್ತು."

"ಒತ್ತಿದೆ."

"ಹಿಡ್ಕ."

ಪೆಡಲ್ಲು ಇಳಿಯತೊಡಗಿತು. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಆವತ್ತು ಹಾಕುವಾಗಲೇ ಗೊತ್ತಾಗಿತ್ತು. ದಪ್ಪ ಇತ್ತು. ವಾಸನೆ ಬೇರೆ ಇತ್ತು. ಆದರೂ ಹಾಕಿಬಿಟ್ಟೆ" ಅಂದೆ.

ಕೆಳಗೆ ಏನೂ ಸದ್ದಿಲ್ಲ. ಆಮೇಲೆ ಅಪ್ಪನ ದನಿ ಬಂತು, ಮೆತ್ತಗೆ: "ಕಾಲು ಬುಟ್ಟಾ?"

ನೋಡಿಕೊಂಡೆ. ಮಾತಿನ ಭರದಲ್ಲಿ ಕಾಲು ಮೇಲಕ್ಕೆ ಬಂದಿತ್ತು. ಆಗಷ್ಟೇ ಅಪ್ಪ ಬಾಟಲಿ ಬದಲಾಯಿಸಿದ್ದ. ಪೈಪಿನ ತುದಿ ಇನ್ನೂ ಎಣ್ಣೆಯಲ್ಲಿ ಮುಳುಗಿರಲಿಲ್ಲ. ತೆರೆದ ನಿಪ್ಪಲ್ಲಿನಿಂದ ಗಾಳಿ ಸೊರ್ರೆಂದು ಒಳಗೆ ಹೋಗಿತ್ತು.

"ಈ ಚಕ್ರ ಇನ್ನೊಂದ್ ಸಲಿ ಮಾಡ್ಬೇಕು" ಅಂದ. ಸ್ಪ್ಯಾನರ್ ನೆಲಕ್ಕಿಟ್ಟ ಸದ್ದು. ಗಾಡಿಯ ಕೆಳಗಿನಿಂದಲೇ ಮಾತಾಡಿದ. "ಆ ಬಾಟ್ಲಿಗೆ ಜಾಕ್ ಎಣ್ಣೆ ಸುರಿದಿಟ್ಟಿದ್ದು ನಾನು. ಡಬ್ಬ ತೂತಾಗಿತ್ತು, ಕೈಗೆ ಸಿಕ್ಕಿದ್ದು ಅದು. ಚೊಂಬಲ್ಲಿ ತೇಲ್ದಾಗಲೇ ಗ್ಯಾಪಕ ಬಂತು. ನೀನು ಕೇಳ್ತೀಯೇನೋ, ಹೇಳಣ ಅಂತಿದ್ದೆ. ನೀನು ಕೇಳ್ಲಿಲ್ಲ."

"ನೀನೂ ಕೇಳಲಿಲ್ಲ."

"ಹೂಂ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ: "ಆ ಬಸ್ಸಲ್ಲಿ ಒಂದು ಹುಡ್ಗ ಮಲ್ಗಿದ್ದ. ನೋಡ್ದಾ?"

"ನೋಡಿದೆ."

ಮೂರು ರಾತ್ರಿಯಿಂದ ನಾನೊಬ್ಬಳೇ ಆ ಹುಡುಗನನ್ನು ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಅಪ್ಪ ಬೇರೇನೂ ಹೇಳಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ.

"ಡಬ್ಬಿ ನೋಡ್ಕೊಂಡು ಬಾ. ಕತ್ಲಾಯ್ತದೆ" ಅಂದ. ಇಳಿದು ಹೋಗಿ ಎಣ್ಣೆ ತುಂಬಿ ಬಂದು ಕೂತೆ.

"ಒತ್ತು."

"ಒತ್ತಿದೆ. ಹಿಡ್ಕೊಂಡಿದೀನಿ ಅಪ್ಪಾ. ನೀನು ಹೇಳೋವರೆಗೂ ಬಿಡಲ್ಲ."

ನಾಲ್ಕನೆಯ ಚಕ್ರ ಮುಗಿಯುವ ಹೊತ್ತಿಗೆ ಪೈಪಿನಲ್ಲಿ ಗುಳ್ಳೆ ನಿಂತಿತು. ಪೆಡಲ್ಲು ಕಾಲಂಶ ಇಳಿದು ಕಲ್ಲಾಗಿ ನಿಂತಿತು. "ಕಲ್ಲಾಗ್ಬೇಕು" ಅನ್ನುವುದು ಅಪ್ಪನದೇ ಮಾತು. ಅವನು ಬಂದು ತಾನೂ ಒಂದು ಸಲ ಒತ್ತಿ, ಒಂದು ನಿಮಿಷ ಹಾಗೇ ಹಿಡಿದ. ಎಲ್ಲಾದರೂ ಸೋರಿಕೆ ಇದ್ದರೆ ನಿಧಾನವಾಗಿ ಇಳಿಯಬೇಕು. ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ, ಖಾಲಿ ಗಾಡಿ. ಮೊದಲು ನಮ್ಮ ಗಲ್ಲಿಯಲ್ಲಿ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿದ, ಆಮೇಲೆ ನಾಗರಬಾವಿ ರಿಂಗ್ ರಸ್ತೆಯಲ್ಲಿ. ಕೊನೆಗೆ ಕೇಳದೇ ಸುಮನಹಳ್ಳಿ ಕಡೆಗೆ ತಿರುಗಿಸಿದ. ಸೇತುವೆ ದಾಟಿ ಆ ಕಡೆ ತಿರುಗಿಕೊಂಡು, ಆವತ್ತು ಬಂದ ದಾರಿಯಲ್ಲೇ ಹತ್ತಿದ. ಇಳಿಜಾರಿನಲ್ಲಿ ಕನ್ನಡಿ ನೋಡಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬ್ರೇಕ್ ಒತ್ತಿದ. ಗಾಡಿ ನೆಟ್ಟಗೆ ನಿಂತಿತು, ಯಾವ ಕಡೆಗೂ ಎಳೆಯಲಿಲ್ಲ. ಕೆಳಗಿಳಿದು ಪಕ್ಕಕ್ಕೆ ಹಾಕಿ, ಇಬ್ಬರೂ ಒಂದೊಂದು ಕಡೆಯಿಂದ ಡ್ರಮ್ಮುಗಳನ್ನು ಮುಟ್ಟುತ್ತ ಬಂದೆವು. ನಾಲ್ಕೂ ಒಂದೇ ಬೆಚ್ಚಗೆ. ಕೈ ಇಟ್ಟುಕೊಂಡೇ ಇರಬಹುದಾದಷ್ಟು.

ಮನೆಗೆ ಬಂದ ಮೇಲೆ ಅಪ್ಪ ಆ ಹಳೆಯ ಬಾಟಲಿಯ ಚೀಟಿ ಕೆರೆದು ತೆಗೆದ. "ನಿನ್ ಅಕ್ಸರ ಚೆನ್ನಾಗಿದೆ, ಬರಿ" ಅಂತ ಮಾರ್ಕರ್ ಕೊಟ್ಟ. ಜಾಕ್ ಎಣ್ಣೆ ಅಂತ ದಪ್ಪಗೆ ಬರೆದೆ. ಎರಡೂ ಕಡೆ ಬರೆದೆ.

ಅಮ್ಮ ಬಾಗಿಲಲ್ಲಿ ನಿಂತು ಚೊಂಬು ಮೂಸುತ್ತಿದ್ದಳು. "ಇದರಲ್ಲಿ ಇನ್ನು ನೀರು ಕುಡಿಯೋ ಹಾಗಿಲ್ಲ" ಅಂದಳು. ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ.

"ನನಗೇನೂ ಹೇಳಬೇಡಿ" ಅಂದಳು ಅಮ್ಮ. "ಗುರುವಾರ ರಾತ್ರಿನೇ ನೋಡಿದೀನಿ, ಎಡಗಡೆ ಟೈರು ಹೆಂಗೆ ಉಜ್ಜಿದೆ ಅಂತ."